ದಾಕಿನ ದಫ್ತರ

ಫಂತಾನಾ ಹಳ್ಳಿಯ ಹಳೇ ನೀರಿನ ಕಟ್ಟೆಯನ್ನು ಹೊಸದಾಗಿ ಕಟ್ಟಿದಾಗ, ಅದರ ಮೇಲಿನ ಕಲ್ಲಿನಲ್ಲಿ ಏನು ಬರೆಸಬೇಕೆಂದು ಊರೇ ಕಿತ್ತಾಡಿತು. ನೂರು ವರ್ಷಗಳ ಹಿಂದೆ ಇಲ್ಲಿ 1,840 ಜನರಿದ್ದರು ಎಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ಜಗಳವೆಲ್ಲ ಅವರು ಯಾರು ಎಂಬುದಕ್ಕೆ. ಒಂದು ಪುಸ್ತಕ ಗ್ರೀಕರು ಎಂದಿತ್ತು, ಇನ್ನೊಂದು ಬಲ್ಗೇರಿಯನ್ನರು, ಮತ್ತೊಂದು ಸೆರ್ಬರು. ಸಂಖ್ಯೆ ಮಾತ್ರ ಮೂರರಲ್ಲೂ ಅದೇ.

"ಕುರಿ ಒಂದೇ, ಮೂರು ಜನ ಮೂರು ಬಣ್ಣ ಬಳಿದು ನಂದು ಅಂತಿದಾರಲ್ಲ!" ಎಂದು ಊರಿನ ಹಿರಿಯ ಸ್ತೆರ್ಯು ತಲೆ ಚಚ್ಚಿಕೊಂಡ. "ಡೆಸ್ಪಾ ಟೀಚರ್, ಫ್ರೆಂಚ್ ಕಲಿಸಿದೋರು ನೀವು. ಬಿಟೋಲಾ ಪಟ್ಟಣಕ್ಕೆ ಹೋಗಿ ಹಳೇ ಫ್ರೆಂಚ್ ಕಾಗದ ಓದಿ ಇದರ ಬುಡ ಹುಡುಕಿ ಕೊಡಿ."

ಆ ಚಳಿಗಾಲವೆಲ್ಲ ಡೆಸ್ಪಾ ವಾರಕ್ಕೊಮ್ಮೆ ಬೆಳಗಿನ ಬಸ್ಸು ಹತ್ತಿ ಪತ್ರಾಗಾರಕ್ಕೆ ಹೋದಳು. ಅಲ್ಲಿ ಕಡತ ತೆಗೆದುಕೊಡುವ ಜಫೀರ್ ಅವಳನ್ನು ಕಂಡೊಡನೆ ನಗುತ್ತಿದ್ದ. "ಬಂದ್ರಾ ಟೀಚರಮ್ಮ, ಸತ್ತೋರ ತಲೆ ಎಣಿಸೋಕೆ?"

ಮೂರೂ ಪುಸ್ತಕಗಳು ಆ ಸಂಖ್ಯೆಯನ್ನು ಬಿಟೋಲಾದಲ್ಲಿದ್ದ ವಿದೇಶಿ ಪ್ರತಿನಿಧಿ, ಒಬ್ಬ ಕಾನ್ಸುಲನ ವರದಿಯಿಂದ ಎತ್ತಿಕೊಂಡಿದ್ದವು. ಆ ಪುಣ್ಯಾತ್ಮ ಬೆಟ್ಟ ಹತ್ತಿ ಈ ಹಳ್ಳಿ ಕಂಡವನೇ ಅಲ್ಲ. ಅಂಚಿನಲ್ಲಿ ಅವನ ಗುಮಾಸ್ತ ಹೀಗೆ ಬರೆದಿದ್ದ: "ಸಂಖ್ಯೆ, ದಾಕು ಹಾಕಿದ ಡಾಕ್ಟರರಿಂದ. ಜನಾಂಗ, ಚರ್ಚು ನೋಡಿ." ಚರ್ಚು ಗ್ರೀಕರದು, ಹಾಗಾಗಿ ಊರೆಲ್ಲ ಗ್ರೀಕರು. ಆಮೇಲೆ ಪುಸ್ತಕ ಬರೆದವರು ಸಂಖ್ಯೆ ಉಳಿಸಿಕೊಂಡು ಹೆಸರು ಬದಲಿಸಿದ್ದರು.

"ಆ ಡಾಕ್ಟರ ಕಾಗದ ಉಳಿದಿರುತ್ತಾ?" ಎಂದು ಕೇಳಿದಳು. ಜಫೀರ್ ತನ್ನ ರಜೆಯ ನಾಲ್ಕು ದಿನ ನೆಲಮಾಳಿಗೆಯಲ್ಲಿ ಧೂಳು ಕುಡಿದು, ಐದನೆಯ ದಿನ ಇಲಿ ಕಡಿದ ದಫ್ತರವೊಂದನ್ನು ಅವಳ ಮುಂದಿಟ್ಟ.

1896. ಡಾಕ್ಟರ್ ಹೈಮ್ ಅರೊಯೆಸ್ತಿ ಹದಿನೇಳು ದಿನ ಹಳ್ಳಿಯಲ್ಲಿದ್ದು, ಸಿಡುಬು ಬಾರದಂತೆ ದಾಕು ಹಾಕಿದ ಲೆಕ್ಕ. 1,840 ಎಂದರೆ ದಾಕು ಹಾಕಿಸಿಕೊಂಡವರು, ಊರಿನ ಜನಸಂಖ್ಯೆಯೇ ಅಲ್ಲ. ಬೆಟ್ಟದ ಮೇಲಿನ ನಾಲ್ಕು ಕುರುಬರ ಹಟ್ಟಿಗಳಿಂದ ಇಳಿದು ಬಂದವರೂ ಸೇರಿದ್ದರು. ಜನಾಂಗದ ಕಲಂ ಖಾಲಿ. ಕೆಳಗೆ ಫ್ರೆಂಚಿನಲ್ಲಿ ಒಂದು ಸಾಲು: "ನೀವು ಯಾರೆಂದು ಕೇಳಿದೆ. ಅರ್ಮನ್ ಎಂದರು. ಈ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ." ಊರಿನವರು ಇವತ್ತಿಗೂ ತಮ್ಮನ್ನೂ ತಮ್ಮ ಮನೆಮಾತನ್ನೂ ಕರೆಯುವುದು ಅದೇ ಹೆಸರಿನಿಂದ.

ಪುಟ ತಿರುಗಿಸುತ್ತಿದ್ದ ಅವಳ ಬೆರಳು ಒಂದು ಕಡೆ ನಿಂತಿತು. "ಮರೂಶಾ, ಎಂಟು ವರ್ಷ. ಅಣ್ಣಂದಿರಿಬ್ಬರು ಹೋದ ವರ್ಷ ಸಿಡುಬಿಗೆ ತೀರಿಕೊಂಡರು. ತಾನಾಗಿಯೇ ತೋಳು ಚಾಚಿದಳು."

ಮರೂಶಾ ಅವಳ ಅಜ್ಜಿ. ಡೆಸ್ಪಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಜಫೀರ್ ಸದ್ದಿಲ್ಲದೆ ಕಾಫಿ ತಂದಿಟ್ಟ.

ಊರಿಗೆ ಬಂದವಳೇ ಜೋಯ್ಕಾ ಅತ್ತೆಯ ಮನೆಗೆ ಹೋಗಿ ಓದಿ ಹೇಳಿದಳು. ಎಂಬತ್ತಾರರ ಈ ಮುದುಕಿಯೇ ಮರೂಶಾಳ ಹಿರಿ ಮಗಳು.

"ಅವ್ವನ ತೋಳಲ್ಲಿ ಆ ಗುರುತಿತ್ತು ಕಣೇ. ಬಿಳಿ ಹೇಸರಗತ್ತೆ ಮೇಲೆ ಬಂದಿದ್ದ ಡಾಕ್ಟರು ಕೊಟ್ಟಿದ್ದು ಅಂತಿದ್ಲು. ಹೆಸರು ಅವಳಿಗೂ ಗೊತ್ತಿರ್ಲಿಲ್ಲ. ಅವರ ಮಕ್ಕಳು ಮರಿ ಎಲ್ಲಿದಾರೆ? ಒಂದು ಗಡ್ಡೆ ಚೀಸ್ ಕಳಿಸೋಣ."

"ಯಾರೂ ಇಲ್ಲ ಅತ್ತೆ. ಯಹೂದಿಗಳು ಅವರು. ನಲವತ್ಮೂರರಲ್ಲಿ, ಯುದ್ಧದ ಹೊತ್ತಲ್ಲಿ, ಎಲ್ಲರನ್ನೂ ಕೊಲ್ಲೋಕೆ ಅಂತ ಬಿಟೋಲಾದಿಂದ ರೈಲು ಹತ್ತಿಸಿದ್ರಲ್ಲ..."

ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ, "ಹಾಗಾದ್ರೆ ನೆನೆಯೋ ಕೆಲಸ ನಮ್ಮದೇ ಆಯ್ತು. ಆ ಸ್ತೆರ್ಯುನ ಕರಿ," ಎಂದಳು.

ಸ್ತೆರ್ಯು ಊರವರನ್ನು ಸೇರಿಸಿದ. ಜಗಳ ಒಂದೇ ಸಂಜೆಗೆ ಮುಗಿಯಲಿಲ್ಲ. ಒಬ್ಬ ಮುನಿಸಿಕೊಂಡು ಎದ್ದೇ ಹೋದ. ಆದರೆ ದಫ್ತರದ ನಕಲಿನಲ್ಲಿ ಅವನ ಮುತ್ತಾತನ ಹೆಸರೂ ಸಿಕ್ಕಿದ ಮೇಲೆ ತಾನಾಗಿ ತಿರುಗಿ ಬಂದ. ಕಲ್ಲಿನ ಮೇಲೆ ಸಂಖ್ಯೆ ಬರಲಿಲ್ಲ. ಡಾಕ್ಟರರ ಹೆಸರು, ಹದಿನೇಳು ದಿನದ ಮಾತು, ಕೆಳಗೆ ಅರ್ಮನ್ ಭಾಷೆಯಲ್ಲಿ "ಋಣಿಗಳಾಗಿದ್ದೇವೆ" ಎಂದಷ್ಟೇ.

ಹೊಸ ಕಟ್ಟೆಗೆ ನೀರು ಬಿಟ್ಟ ದಿನ ಜಫೀರನೂ ಬಸ್ಸು ಹತ್ತಿ ಬಂದ. ಜೋಯ್ಕಾ ಅತ್ತೆ ಅವನ ಎರಡೂ ಕೈ ಹಿಡಿದು, "ಇವನೇ ಏನೇ ನೆಲದಡಿಯಿಂದ ನಮ್ಮವ್ವನ್ನ ತೆಗೆದು ಕೊಟ್ಟೋನು?" ಎಂದು, ಅವನು ಸಾಕು ಸಾಕೆಂದರೂ ಬಿಡದೆ ಈರುಳ್ಳಿ ಜಾತಿಯ ಲೀಕ್ ಸೊಪ್ಪು ತುಂಬಿ ಸುಟ್ಟ ಪೀತಾ ರೊಟ್ಟಿಯನ್ನು ತಟ್ಟೆ ತುಂಬಾ ಬಡಿಸಿದಳು.