ಹಿಲರಿ ಥ್ವೇಟ್ ಬಿಟ್ಟುಹೋದ ಪೆಟ್ಟಿಗೆಗಳು

ಬ್ರಯನಿ ಕಪ್ಪು ಸ್ಕರ್ಟನ್ನು ಮೊಣಕಾಲಿಗೆ ಎತ್ತಿಕೊಂಡು ವ್ಯಾನಿನೊಳಗೆ ಹತ್ತಿ, ಹಳೆಯ ರಬ್ಬರ್ ಬೂಟುಗಳ ಅಡಿಯಿಂದ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಎಳೆಯತೊಡಗಿದಳು. ಚಿತಾಗಾರದ ಹಾಲ್‌ನಲ್ಲಿ ಇನ್ನು ಹತ್ತು ನಿಮಿಷಕ್ಕೆ ಹಿಲರಿ ಥ್ವೇಟ್ ಅವರ ಅಂತ್ಯಕ್ರಿಯೆ ಶುರುವಾಗಬೇಕು. ಯಾರ್ಕ್‌ಷೈರಿನ ಗಾಳಿ ಕಿವಿ ಕೊಯ್ಯುತ್ತಿತ್ತು.

"ಅದನ್ನ ಯಾಕಮ್ಮ ಎಳೀತೀಯ? ಇಲ್ಲಿ ಮುಗಿದ ಮೇಲೆ ಎಲ್ಲಾ ಸೀದಾ ಕಸದ ಯಾರ್ಡಿಗೆ. ನಾಲ್ಕಕ್ಕೆ ಗೇಟ್ ಹಾಕ್ತಾರೆ," ಎಂದ ಡೆಸ್ಮಂಡ್. ಹಿಲರಿಯ ತಂಗಿಯ ಮಗ; ನೆಂಟ ಅಂತ ಉಳಿದಿದ್ದವನು ಅವನೊಬ್ಬನೇ.

"ಬೂಟಿನ ಕೆಳಗೆ ಕುರಾನ್ ಇಟ್ಟಿದೀರಿ ನೀವು."

"ನನಗೇನು ಗೊತ್ತು? ಮುಚ್ಚಳ ಹಾಕಿತ್ತು."

ಆ ಮುಚ್ಚಳದ ಮೇಲೇ ದಪ್ಪ ಕೆಂಪಕ್ಷರದಲ್ಲಿ 'ಇದರ ಮೇಲೆ ಏನೂ ಇಡಬೇಡಿ' ಎಂದು ಬರೆದಿತ್ತು. ಬ್ರಯನಿ ಹಲ್ಲು ಕಚ್ಚಿಕೊಂಡಳು.

ಒಟ್ಟು ಹದಿನಾರು ಪೆಟ್ಟಿಗೆ. ಒಂದರಲ್ಲಿ ಯೆಹೂದಿಗಳ ಸಬ್ಬತ್ ದೀಪ, ಇನ್ನೊಂದರಲ್ಲಿ ಆರತಿ ತಟ್ಟೆ, ಮತ್ತೊಂದರಲ್ಲಿ ಕ್ರೈಸ್ತರ ಜ್ಞಾನಸ್ನಾನದ ಮೇಣದಬತ್ತಿ. ಹಿಲರಿ ಊರಿನ ಕೌನ್ಸಿಲ್‌ನಲ್ಲಿ ಶಾಲೆಗಳ ಧರ್ಮಪಾಠದ ಸಲಹೆಗಾರ್ತಿಯಾಗಿದ್ದವರು; ಇವನ್ನಿಟ್ಟಿದ್ದ ಕೋಣೆ ಖಾಲಿ ಮಾಡಿ ಎಂದು ಕೌನ್ಸಿಲ್‌ನವರು ಹೇಳಿದಾಗ ಎಲ್ಲವನ್ನೂ ತಮ್ಮ ಗ್ಯಾರೇಜಿಗೆ ಸಾಗಿಸಿ, ನಿವೃತ್ತಿಯ ನಂತರವೂ ಸುತ್ತಲಿನ ಪ್ರೈಮರಿ ಶಾಲೆಗಳ ಹೊಸ ಶಿಕ್ಷಕರಿಗೆ ಧರ್ಮಪಾಠಕ್ಕೆ ಕೊಡುತ್ತ ಬಂದಿದ್ದರು. ಈಗ ಮನೆ ಮಾರಾಟಕ್ಕಿದೆ. ಬ್ರಯನಿ ಮೂರು ದಿನದಲ್ಲಿ ಏಳು ಶಾಲೆಗಳಿಗೆ ಫೋನು ಮಾಡಿದ್ದಳು. ಎಲ್ಲರದ್ದೂ ಒಂದೇ ರಾಗ: ಜಾಗವಿಲ್ಲ, ಚಿತ್ರಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವಲ್ಲ. ಅವಳು ಪಾಠ ಮಾಡುವ ಶಾಲೆಯಲ್ಲೂ ಅಷ್ಟೆ. ಧರ್ಮಪಾಠ ಇರುವುದೇ ಶುಕ್ರವಾರ ಮಧ್ಯಾಹ್ನ. ನಾಟಕದ ರಿಹರ್ಸಲ್ ಬಂದರೂ, ಫೋಟೋ ತೆಗೆಯುವವನು ಬಂದರೂ ಮೊದಲು ಕತ್ತರಿ ಬೀಳುವುದು ಅದಕ್ಕೇ. ಈ ಪೆಟ್ಟಿಗೆಗಳೂ ಹೋದರೆ ಸೆಪ್ಟೆಂಬರಿನಲ್ಲಿ ಬರುವ ಹೊಸಬರು ಬರಿಗೈಯಲ್ಲಿ ನಿಲ್ಲಬೇಕು.

ಡೆಸ್ಮಂಡನ ಗೋಳು ಬೇರೆ. ಅಂತ್ಯಕ್ರಿಯೆಯವರ ಫಾರಂನಲ್ಲಿ ಧರ್ಮದ ಜಾಗ ಖಾಲಿ. ಪಾದ್ರಿಗಳನ್ನು ಕೇಳಿದರೆ, ಪ್ರತಿ ಈಸ್ಟರಿಗೂ ನಮ್ಮಲ್ಲಿಗೆ ಬರುತ್ತಿದ್ದರು ಎಂದರಂತೆ. ಗುರುದ್ವಾರದವರು, ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಲಟ್ಟಿಸುತ್ತಿದ್ದರು ಎಂದರಂತೆ. ಗೆಳತಿ ರೆಹಾನಾ ಮಿರ್ಜಾ, ಇಪ್ಪತ್ತು ವರ್ಷ ರಂಜಾನಿನಲ್ಲಿ ನನ್ನ ಜೊತೆ ಉಪವಾಸವಿದ್ದಳು ಎಂದು ಅತ್ತರಂತೆ.

"ಊರಿಗೆಲ್ಲ ಧರ್ಮ ಹೇಳ್ಕೊಟ್ಟು, ತನ್ನದು ಯಾವುದು ಅಂತ ಒಂದು ಸಾಲು ಬರೆದಿಡೋಕೆ ಏನಾಗಿತ್ತು ದೊಡ್ಡಮ್ಮಂಗೆ? ನೀನು ಟೀಚರ್ ತಾನೇ. ನೀನೇ ನಿಂತು ಹೇಳ್ಬಿಡು, ಅವರು ಯಾರ ಪೈಕಿ ಅಂತ."

ಇಂಥದೇ ಮಾತನ್ನು ಬ್ರಯನಿಯೂ ಒಮ್ಮೆ ಆಡಿದ್ದಳು.

*

ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಸಿಖ್ಖರ ಪಾಠ ಓದಿಕೊಳ್ಳಲು ಪುರುಸೊತ್ತಾಗಿರಲಿಲ್ಲ. ಏಳು ವರ್ಷದ ಹರ್ಲೀನಳನ್ನು ಮುಂದಕ್ಕೆ ಕರೆದು ಉಕ್ಕಿನ ಕಡಗ ಕೈಗಿಟ್ಟು, ನಿಮ್ಮವರು ಇದನ್ನು ಯಾಕೆ ಹಾಕಿಕೊಳ್ಳುತ್ತಾರೆ, ಎಲ್ಲರಿಗೂ ಹೇಳು ಎಂದಿದ್ದಳು. ಹುಡುಗಿ ಕಡಗ ನೋಡಿತು, ತರಗತಿ ನೋಡಿತು, ಬಿಕ್ಕಳಿಸಿ ಅತ್ತಿತು. ಪಾಠ ನೋಡಲು ಬಂದು ಹಿಂದೆ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮುದುಡಿ ಕೂತಿದ್ದ ಹಿಲರಿ ಗಂಟೆ ಹೊಡೆದ ಮೇಲೆ ಅವಳ ಹತ್ತಿರ ಬಂದರು.

"ಆ ಮಗುಗೆ ಏಳು ವರ್ಷ. ನಿನಗೆ ಇಪ್ಪತ್ಮೂರು. ಸಂಬಳ ಯಾರಿಗೆ ಕೊಡ್ತಾರೆ?"

ಬ್ರಯನಿಗೂ ಅಳು ಬಂತು. ಹಿಲರಿ ಚೀಲದಿಂದ ಬಿಸ್ಕತ್ತು ತೆಗೆದುಕೊಟ್ಟರು.

"ಅಳೋದು ಆಮೇಲೆ. ಗೊತ್ತಿಲ್ಲ, ಕೇಳಿ ತಿಳ್ಕೊಳ್ಳೋಣ ಅನ್ನು. ಅಷ್ಟು ಹೇಳೋಕೆ ನಿಮಗೆಲ್ಲ ಯಾಕೆ ಜೀವ ಹೋಗುತ್ತೋ ಕಾಣೆ."

ಆಮೇಲೆ ನಾಲ್ಕು ಶುಕ್ರವಾರ ಎರಡು ಬಸ್ಸು ಬದಲಿಸಿ ಬಂದು ಹಿಂದೆ ಕೂತರು, ಪ್ರತಿಸಲವೂ ಬೈದರು. ನೀವು ಯಾವ ದೇವರನ್ನು ನಂಬುತ್ತೀರಿ ಎಂದು ಮಕ್ಕಳು ಕೇಳಿದರೆ, ನನ್ನದು ಪಾಠದಲ್ಲಿಲ್ಲ ಎನ್ನುತ್ತಿದ್ದರು. ಟೀ ಕುಡಿಯುವಾಗ ಬ್ರಯನಿ ಕೇಳಿದರೂ ಅದೇ ಉತ್ತರ. ಆಗ ಅವಳಿಗೆ ಮೈಯೆಲ್ಲ ಉರಿದಿತ್ತು.

*

ಹಾಲ್ ತುಂಬಿತ್ತು. ಮುಕ್ಕಾಲು ಪಾಲು ಶಿಕ್ಷಕರೇ. ಒಂದು ಕಾಲದಲ್ಲಿ ಹೊಸಬರಾಗಿ ಬೈಸಿಕೊಂಡವರು. ಬ್ರಯನಿ ಎದ್ದು ನಿಂತಳು.

"ಹಿಲರಿ ಯಾವ ಧರ್ಮದವರು ಅಂತ ಹೇಳು ಅಂದ್ರು. ನನಗೆ ಗೊತ್ತಿಲ್ಲ."

"ಕೇಳಿ ತಿಳ್ಕೊಳ್ಳೋಣ," ಎಂದಿತು ಹಿಂದಿನ ಸಾಲು, ಅಭ್ಯಾಸಬಲದಿಂದ. ಒಂದಿಷ್ಟು ನಗೆ ಎದ್ದು ಅಲ್ಲೇ ಅಡಗಿತು. ಕೇಳಲು ಇನ್ನು ಅವರಿಲ್ಲವೆಂದು ಬ್ರಯನಿಗೆ ಆ ಕ್ಷಣ ಹೊಳೆಯಿತು. ಬರೆದು ತಂದಿದ್ದ ಒಳ್ಳೆಯ ಮಾತುಗಳೆಲ್ಲ ಮರೆತುಹೋಗಿ, ಸಿಟ್ಟೊಂದೇ ಉಳಿಯಿತು.

"ಅವರ ಪೆಟ್ಟಿಗೆಗಳು ಹೊರಗೆ ವ್ಯಾನಲ್ಲಿವೆ. ನಾಲ್ಕಕ್ಕೆ ಕಸಕ್ಕೆ ಹೋಗ್ತವೆ. ಏಳು ಶಾಲೆಗೆ ಫೋನ್ ಮಾಡಿದೆ, ಜಾಗ ಇಲ್ಲ ಅಂದ್ರು. ಎಲ್ಲಾ ನಿಮ್ಮ ಶಾಲೆಗಳೇ."

ಅಷ್ಟು ಹೇಳಿ ಕೂತುಬಿಟ್ಟಳು.

ಎಲ್ಲ ಮುಗಿದು ಹೊರಗೆ ಬಂದಾಗ ರೆಹಾನಾ ಮಿರ್ಜಾ ಎಲ್ಲರಿಗಿಂತ ಮೊದಲು ವ್ಯಾನಿನ ಬಾಗಿಲಲ್ಲಿ ನಿಂತು ಕೈ ಚಾಚಿದರು. ಅವರ ಹಿಂದೆ ಸಾಲು ಬೆಳೆಯಿತು. ಜಾಗವಿಲ್ಲವೆಂದಿದ್ದ ಇಬ್ಬರು ಹೆಡ್‌ಟೀಚರುಗಳೂ ತಲೆ ತಗ್ಗಿಸಿ ಅದರಲ್ಲಿದ್ದರು. ಡೆಸ್ಮಂಡ್ ಒಂದೊಂದೇ ಇಳಿಸಿ ಕೊಟ್ಟ. ಕೊಡುವ ಮುಂಚೆ ಪ್ರತಿ ಮುಚ್ಚಳವನ್ನೂ ಓದಿದ.

ಕೊನೆಗೆ ಕುರಾನಿನ ಪೆಟ್ಟಿಗೆಯೊಂದು ಉಳಿಯಿತು. ಬ್ರಯನಿಯ ಪುಟ್ಟ ಕಾರಿನಲ್ಲಿ ಆಗಲೇ ಮೂರು ತುಂಬಿದ್ದವು.

"ನೀನು ಮುಂದೆ ಹೋಗು, ನಾನು ಹಿಂದೇನೇ ಬರ್ತೀನಿ," ಎಂದ ಡೆಸ್ಮಂಡ್.

ಪೆಟ್ಟಿಗೆಯನ್ನು ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿದ. ಬೆಲ್ಟ್ ಎಳೆಯಲು ಎರಡೂ ಕೈ ಬೇಕಾಗಿ, ಹಿಡಿದಿದ್ದ, ಅಂತ್ಯಕ್ರಿಯೆಯಲ್ಲಿ ಹಂಚಿದ ಹಾಳೆಯನ್ನು ಮುಚ್ಚಳದ ಮೇಲಿಟ್ಟ. ಹಾಳೆಯ ಮೇಲೆ ಹಿಲರಿಯ ಫೋಟೋ, ಹುಬ್ಬು ಗಂಟಿಕ್ಕಿಕೊಂಡದ್ದು. ಅದರ ಅಂಚಿನಿಂದ ಕೆಂಪಕ್ಷರ ಇಣುಕುತ್ತಿತ್ತು. ಡೆಸ್ಮಂಡ್ ಒಂದು ಗಳಿಗೆ ನೋಡಿದ. ಆಮೇಲೆ ಹಾಳೆಯನ್ನು ಎತ್ತಿ, ಮಡಚಿ, ತನ್ನ ಜೇಬಿಗೆ ಹಾಕಿಕೊಂಡ.