ಉಗುರಿಗೆ ಸಿಕ್ಕದ ಅಂಚು

ಸಿಗುತ್ತಿಲ್ಲ, ಉಗುರಿಗೆ ಏನೂ ಸಿಗುತ್ತಿಲ್ಲ, ತಾನು ಮಾಡುತ್ತಿರುವ ಪೆನ್ನಿಗೆ ಹಾಕುವ ಹಿತ್ತಾಳೆಯ ಸಣ್ಣ ಬಳೆಯನ್ನು ಅದರ ಮರದ ತುದಿಗೆ ಒತ್ತಿಹಿಡಿದು ವೆಂಡೆಲ್ ಹೆಬ್ಬೆರಳಿನ ಉಗುರನ್ನು ಮತ್ತೊಮ್ಮೆ ಎಳೆದ, ಮರದಿಂದ ಬಳೆಗೆ ನುಣ್ಣಗೆ ಜಾರಿತು — ನಿನ್ನೆ ಮಧ್ಯಾಹ್ನ ಇಲ್ಲಿ ಅಂಚಿತ್ತು, ಮರ ಬಳೆಗಿಂತ ತಗ್ಗಿ ಉಗುರು ಟಕ್ಕೆಂದು ಸಿಕ್ಕಿಕೊಳ್ಳುತ್ತಿತ್ತು, ಬೇಕೆಂದೇ ಅಲ್ಲವೇ ಲೇಥಿನಲ್ಲಿ ಅಷ್ಟು ಹೆಚ್ಚು ಹೆರೆದು ಇಟ್ಟದ್ದು, ತನ್ನ ಪೆನ್ನುಗಳ ಮೇಲೆ ಯಾರೋ ಕದ್ದು ಕೈಯಾಡಿಸುತ್ತಿದ್ದಾರೆಂಬ ಅನುಮಾನಕ್ಕೆ, ಆ ಕಳ್ಳ ಸಿಕ್ಕಿಬೀಳಲಿ ಎಂದು. ಬೇರೆ ತುಂಡು ತಂದಿಟ್ಟಿರಬಹುದೇ, ಇಲ್ಲ, ಒಳಗೆ ತಾನೇ ಗೀಚಿದ ಪೆನ್ಸಿಲ್ ಗುರುತು ಹಾಗೇ ಇದೆ, ಅದೇ ಮರ, ಯಾರೋ ಸೂಪರ್ ಗ್ಲೂ ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ತಗ್ಗು ತುಂಬಿಸಿ ಬಳೆಯ ಮಟ್ಟಕ್ಕೆ ಉಜ್ಜಿದ್ದಾರೆ, ಅವನದೇ ಲೇಥಿನಲ್ಲಿ, ಅವನ ಬೆನ್ನ ಹಿಂದೆ.

ರಸ್ಸೇ ಇರಬೇಕು, ಹೆಂಡತಿಯ ತಮ್ಮನೆಂದು ಗ್ಯಾರೇಜಿನ ಕೀಲಿ ಕೊಟ್ಟದ್ದೇ ತಪ್ಪಾಯಿತು, ಹಿಮ ಎತ್ತೋ ಮೆಷಿನ್ ಬೇಕಿತ್ತು ಭಾವ ಎನ್ನುತ್ತಾ ಬರುತ್ತಾನೆ, ಕಣ್ಣೆಲ್ಲ ಲೇಥಿನ ಮೇಲೆ, ಪೆನ್ನು ಮಾರಲು ಕೂತಿದ್ದ ಚರ್ಚಿನ ನೆಲಮಾಳಿಗೆಯ ಮಾರಾಟದಲ್ಲಿ ಎಲ್ಲರೆದುರು ಹಲ್ಲು ಕಿರಿದಿದ್ದ, ಭಾವಂಗೆ ಕಣ್ಣು ಮಂಜಾಯ್ತು, ಇನ್ಮೇಲೆ ಹೆರೆದೂ ಹೆರೆದೂ ಹಲ್ಲುಕಡ್ಡಿ ಮಾಡ್ತಾನೆ ನೋಡ್ತಿರಿ ಎಂದು, ವೆಂಡೆಲ್‌ಗೆ ಮೈ ಉರಿದುಹೋಯಿತು, ನಂದು ಒಂದೇ ಒಂದು ಪೆನ್ ಅಳತೆ ತಪ್ಪಿದ್ರೆ ಲೇಥ್ ನಿಂದು ಕಣೋ, ಹೊತ್ಕೊಂಡ್ ಹೋಗು ಎಂದು ಪಣ ಕಟ್ಟಿಬಿಟ್ಟಿದ್ದ — ಬಾಯಿ ಮುಚ್ಚಿಕೊಂಡಿರಬಾರದಿತ್ತೇ. ಲೇಥು ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು, ಈ ಕೈಗಳಿಗೆ ಏನು ಕೆಲಸ, ನೆನೆದರೆ ಹೆದರಿಕೆಯಾಗುತ್ತದೆ. ಆದರೆ ರಸ್ ತಪ್ಪು ಸಿಕ್ಕರೆ ಊರಿಗೆಲ್ಲ ತೋರಿಸುವವನು, ಸರಿಮಾಡಿ ಇಡುವವನೇ? ಹಾಗಾದರೆ ಈ ಚಳಿಗಾಲದ ಪೆನ್ನುಗಳು, ಒಂದೂ ತಪ್ಪಿಲ್ಲ ಎಂದು ಬೀಗಿದ್ದೆನಲ್ಲ, ಅವೂ — ಬೇಡ, ಅದು ಬೇಡ.

ತಿಂಡಿ ಆರ್ತಿದೆ, ಪೆನ್ನೇನು ಓಡಿಹೋಗಲ್ಲ, ಬಾ, ಅಡುಗೆಮನೆಯಿಂದ ಹೆಂಡತಿ ಮಾರ್ಲಿಸ್ ಕೂಗುತ್ತಾಳೆ, ಪ್ಯಾನ್‌ಕೇಕ್ ಮಗುಚುತ್ತಿದ್ದಾಳೆ, ಒಳಗೆ ಬಂದು ಅವನು ಕೇಳಿದ, ರಸ್ ಬಂದಿದ್ನಾ ನಿನ್ನೆ, ಇಲ್ವಲ್ಲ, ಡುಲುತ್ ಪಟ್ಟಣಕ್ಕೆ ಹೋದವನು ಇನ್ನೂ ಬಂದಿಲ್ಲ, ಮತ್ತೆ ಗ್ಯಾರೇಜಿಗೆ ಯಾರು ಹೋಗಿದ್ರು, ನಂಗೇನ್ ಗೊತ್ತು ಮಾರಾಯ, ಆ ಗ್ಲೂ ವಾಸನೆಗೆ ನಂಗೆ ಸೀನು ಬರುತ್ತೆ. ಗ್ಲೂ ಮಾತನ್ನು ಅವನು ಎತ್ತಿಯೇ ಇರಲಿಲ್ಲ. ನಿನ್ನೆ ಟಿ.ವಿ. ಮುಂದೆ ತೂಕಡಿಸುವಾಗ ಗುಂಯ್ ಎಂಬ ಸದ್ದು, ಬಟ್ಟೆ ಒಗೆಯುವ ಮೆಷಿನ್ ಎಂದುಕೊಂಡಿದ್ದ, ಬಟ್ಟೆಗಳು ಬುಟ್ಟಿಯಲ್ಲಿ ಹಾಗೇ ಬಿದ್ದಿವೆ, ನಿನ್ನೆಯವೂ, ಮೊನ್ನೆಯವೂ. ತಟ್ಟೆ ಮುಂದಿಟ್ಟ ಅವಳ ತೋರುಬೆರಳಿನ ತುದಿ ಮಿನುಗುತ್ತದೆ, ಮೇಪಲ್ ಪಾಕವಿರಬೇಕು, ಪಾಕವೇ ಆಗಿರಲಿ, ಹಿಡಿದು ಒರೆಸಿದ, ಹೋಗಲಿಲ್ಲ, ಬಿಡೋ ಮುದುಕ, ಒಲೆ ಮೇಲಿಂದು ಸೀದುಹೋಗುತ್ತೆ ಎಂದಳು, ಅವನು ಬಿಡಲಿಲ್ಲ, ಎಷ್ಟು ಪೆನ್ನು ಮಾರ್ಲಿಸ್, ಎಷ್ಟು ದಿನದಿಂದ ಸರಿಮಾಡ್ತಿದ್ದೀಯ, ಎಂದು ಕೇಳುವ ಬದಲು ಉಗುರನ್ನು ಆ ಬೆರಳ ಮೇಲೆ ಮೆಲ್ಲಗೆ ಎಳೆದ, ಒಣಗಿದ ಗ್ಲೂ ಮುಗಿದು ಚರ್ಮ ಶುರುವಾಗುವಲ್ಲಿ ಟಕ್ಕೆಂದು ಸಿಕ್ಕಿತು, ಅವಳೀಗ ಕೈ ಎಳೆದುಕೊಳ್ಳುತ್ತಿಲ್ಲ, ಒಲೆಯ ಕಡೆ ನೋಡುತ್ತಾ ನಿಂತಿದ್ದಾಳೆ, ಮತ್ತೆ ಎಳೆದ, ಮತ್ತೆ ಸಿಕ್ಕಿತು, ಅಲ್ಲೇ, ಆ ಅಂಚು —