ಎಡಗೈಯ ಕತ್ತಿ

ಮಗ ಅಂತ ಬಿಟ್ಟೆ. ಬೇರೆ ಯಾರಾದರೂ ಆಗಿದ್ದರೆ ಅವನ ಜೀಪಿನ ಹಿಂದೆಯೇ ಕಟ್ಟಿ ಬೋಡಿಯ ಬೀದಿ ತುಂಬ ಎಳೆಸುತ್ತಿದ್ದೆ.

ನಮ್ಮ ಲೋಗೇಶ್ ಬೋಡಿಯಿಂದ ಕೇರಳದ ಬೆಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಕೂಲಿಯವರನ್ನು ಜೀಪಿನಲ್ಲಿ ಕರೆದೊಯ್ಯುವವನು. ಬುಧವಾರ ಬೆಳಿಗ್ಗೆ ಇಂಜಿನ್ನಿಗೆ ಅಂಟಿದ್ದ ಹಳೇ ಗ್ಯಾಸ್ಕೆಟ್ ಕೆರೆಯಲು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಹೋದ. ಸಿಕ್ಕಿದ್ದು ನಮ್ಮ ಪುಸ್ತಕ ಕಟ್ಟುವ ಅಂಗಡಿಯಲ್ಲಿ ಅವನಪ್ಪ ತೊಗಲು ಹೆರೆಯುತ್ತಿದ್ದ ಕತ್ತಿ. ತಂದು ಮತ್ತೆ ಮೇಜಿನ ಮೇಲಿಟ್ಟಾಗ ಅದರ ಬಾಯಿ ಇಲಿ ಕಡಿದ ಕೊಬ್ಬರಿಯ ಹಾಗಿತ್ತು.

"ಕತ್ತೀನೇ ಅಲ್ವಾಮ್ಮಾ? ಸಾಣೆ ಹಿಡಿದ್ರೆ ಸರಿಯಾತದೆ," ಎಂದು ಗಾಡಿ ಹತ್ತಿ ಹೋಗಿಯೇಬಿಟ್ಟ.

ಸಾಣೆ ಹಿಡಿಯಲು ಅದರಲ್ಲಿ ಏನಾದರೂ ಉಳಿದಿರಬೇಕಲ್ಲ! ನನ್ನ ಗಂಡ ಮೋಹನ್‌ರಾಜ್ ಮದುವೆಗೆ ಮೊದಲಿನಿಂದ ಹಿಡಿದಿದ್ದ ಕತ್ತಿ ಅದು. ಮಸೆದು ಮಸೆದು ಹೆಬ್ಬೆರಳುದ್ದ ಉಳಿದಿತ್ತು. ಅವರು ಹೋದ ಮೇಲೆ ನಾನು ಅದರಲ್ಲೇ ಕೆಲಸ ಮಾಡಿದೆ. ಈಗ ಮುಕ್ಕು ಹೋಗುವವರೆಗೆ ಉಜ್ಜಿದರೆ ಹಿಡಿ ಮಾತ್ರ ಮಿಗುತ್ತಿತ್ತು.

ಅದೂ ಎಂಥ ಹೊತ್ತಿನಲ್ಲಿ! ಮೇಜಿನ ಮೇಲೆ ನಮ್ಮ ಕುಲದ ಹಾಡಿನ ಪುಸ್ತಕ ಹೊದಿಕೆಗೆ ಕಾದಿತ್ತು. ಗೂಡಲೂರು ದಾರಿಯಲ್ಲಿ ನಮ್ಮವರ ದೇವರ ದನಗಳ ಹಟ್ಟಿ ಇದೆ. ಆ ಮಂದೆಯ ಹೋರಿಯೇ ನಮಗೆ ದೇವರು. ಹಳೆಯದು ಹೋಗಿ ಹೊಸ ಹೋರಿಗೆ ಪಟ್ಟ ಕಟ್ಟುವಾಗ ಈ ಪುಸ್ತಕ ನೋಡಿಕೊಂಡು ಹಾಡುತ್ತಾರೆ. ನಾವು ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದವರು; ಪುಸ್ತಕದ ಮಾತು ಕನ್ನಡ, ಬರೆದದ್ದು ತಮಿಳು ಅಕ್ಷರದಲ್ಲಿ. ಹಿರಿಯರಿಗೆ ಬರುತ್ತಿದ್ದದ್ದು ಅದೇ ಅಕ್ಷರ. ದನದ ತೊಗಲು ಅದರ ಹತ್ತಿರ ಸುಳಿಯಕೂಡದು. ಆಡಿನ ತೊಗಲೇ ಆಗಬೇಕು. ಅದನ್ನು ಹೊದಿಸುವ ಹಕ್ಕು ನನ್ನ ಮಾವನ ಕಾಲದಿಂದ ನಮ್ಮ ಅಂಗಡಿಯದು.

ಹಕ್ಕು ಅಂದರೆ ಯಾರೂ ಬರೆದುಕೊಟ್ಟದ್ದಲ್ಲ. ಪುಸ್ತಕ ಕಾಯುವವರು ಗಂಡನ ಅಣ್ಣ, ನನ್ನ ಬಾವ ಪೆರಿಯಣ್ಣನ್. ಅವರು ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹೋದ ಮಳೆಗಾಲದಲ್ಲಿ ಜೀಪಿನ ಬಾಗಿಲಿಗೆ ಸಿಕ್ಕಿ ನನ್ನ ಬಲಗೈ ಹೆಬ್ಬೆರಳು ಜಜ್ಜಿಹೋದಾಗಿನಿಂದ ಅವರಿಗೆ ಅನುಮಾನ. ಈ ಸಲ ಪುಸ್ತಕ ಕೊಡುವಾಗಲೇ ಖಂಡಿತವಾಗಿ ಹೇಳಿದ್ದರು.

"ಶುಕ್ರವಾರ ಮದ್ಯಾನ ಬತ್ತೀನಿ. ತೊಗಲು ಹೊದ್ಸಿರಬೇಕು ತಿಲಗವತಿ. ಇಲ್ಲಾಂದ್ರೆ ಮದುರೇಲಿ ಕೊಟ್ಟು ರೆಕ್ಸಿನ್ ಹಾಕ್ಸಿಬುಡ್ತೀನಿ. ಸೋಮವಾರ ಪಟ್ಟ ಐತೆ."

ದೇವರ ಪುಸ್ತಕಕ್ಕೆ ರೆಕ್ಸಿನ್! ಕೇಳಿ ಮೈ ಉರಿಯಿತು. ಒಮ್ಮೆ ಮದುರೆಗೆ ಹೋದ ಪುಸ್ತಕ ಮತ್ತೆ ನಮ್ಮ ಬಾಗಿಲಿಗೆ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಬುಧವಾರವೇ ದಿಂಡಿಗಲ್ಲಿನ ಬಸ್ಸು ಹತ್ತಿದೆ. ಅಲ್ಲಿ ಬೀಗ ಮಾಡುವ ಕಾಳಿಮುತ್ತು ನನ್ನ ಗಂಡನ ಸ್ನೇಹಿತ. ಬೀಗದ ತಗಡುಗಳನ್ನು ಉಜ್ಜಿ ಸವೆದುಹೋದ ಒಂದು ಚಪ್ಪಟೆ ಅರವನ್ನು ಹುಡುಕಿ, ಒಂದು ಮೈಯ ಹಲ್ಲನ್ನೆಲ್ಲ ತನ್ನ ಚಕ್ರದಲ್ಲಿ ತೆಗೆದು ನುಣ್ಣಗೆ ಮಾಡಿಕೊಟ್ಟ. ಇದ್ದದ್ದು ಅದೊಂದೇ.

"ಅಕ್ಕಾ, ಇದು ಅರದ ಉಕ್ಕು. ಕಾಯ್ದು ನೀಲಿಯಾಯಿತೋ, ಬರೀ ತಗಡು. ಕೈಜಾರಿ ಬಿತ್ತೋ, ಎರಡು ತುಂಡು," ಎಂದು ತಮಿಳಿನಲ್ಲಿ ಎಚ್ಚರಿಸಿದ.

ಅದನ್ನು ಸೆರಗಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಂದೆ. ಹಸುಗೂಸನ್ನೂ ನಾನು ಅಷ್ಟು ಜೋಪಾನವಾಗಿ ತಂದಿರಲಿಲ್ಲ.

ತೊಗಲು ಹೆರೆಯುವ ಕತ್ತಿ ಅಡುಗೆಮನೆಯ ಕತ್ತಿಯಲ್ಲ. ಅದರ ಒಂದು ಮೈ ಕನ್ನಡಿಯಂತೆ ಚಪ್ಪಟೆ, ತೊಗಲಿನ ಮೇಲೆ ಮಲಗಿ ಜಾರುವುದು ಅದೇ. ಇಳಿಜಾರು ಮೇಲಿನ ಮೈಗೆ ಮಾತ್ರ. ತುದಿಯ ಬಾಯಿ ನೇರವಲ್ಲ, ಓರೆ. ಬಲಗೈಯವರಿಗೆ ಓರೆ ಒಂದು ಕಡೆ, ಎಡಗೈಯವರಿಗೆ ಇನ್ನೊಂದು ಕಡೆ. ತಪ್ಪು ಕೈಯಲ್ಲಿ ಹಿಡಿದರೆ ಮೂಲೆ ಕೆಳಗಿಳಿದು ತೊಗಲನ್ನು ಸೀಳುತ್ತದೆ. ನಾನು ಯೋಚನೆಯೇ ಮಾಡದೆ, ಆ ಸಂಜೆ ಜೀಪಿನ ಕೊಟ್ಟಿಗೆಯ ಸಾಣೆಚಕ್ರದಲ್ಲಿ, ಬೆರಳುಗಳಲ್ಲೇ ಒತ್ತಿ ಹಿಡಿದು, ಬಲಗೈಯ ಓರೆ ಕೊಟ್ಟೆ. ನಮ್ಮ ಅಂಗಡಿಯಲ್ಲಿ ಬೇರೆ ಓರೆ ಇತ್ತೇ?

ಗುರುವಾರ ಬೆಳಿಗ್ಗೆ ನೀರುಕಲ್ಲಿನಲ್ಲಿ ಮಸೆದು, ಚೂರು ತೊಗಲಿನ ಮೇಲೆ ಇಟ್ಟು ತಳ್ಳಿದೆ. ಜಜ್ಜಿಹೋದ ಮೇಲೆ ತೊಗಲು ಹೆರೆದದ್ದು ಅಂದೇ ಮೊದಲು; ಹೆಬ್ಬೆರಳು ಒತ್ತಲಿಲ್ಲ. ಇನ್ನೊಮ್ಮೆ ತಳ್ಳಿದೆ. ಕತ್ತಿ ಕೈಯಲ್ಲೇ ತಿರುಗಿಹೋಯಿತು. ಆಗ ಸೊಸೆಯನ್ನು ಕರೆದೆ.

ಸರಣ್ಯಾ ತೇವಾರ ಊರಿನ ಹುಡುಗಿ, ನಮ್ಮ ಕುಲದವಳೇ. ನಾವು ಮನೆಯಲ್ಲಿ ಆಡುವ ಕನ್ನಡ ಅವಳಿಗೆ ಪೂರಾ ಅರ್ಥವಾಗುತ್ತದೆ, ಬಾಯಲ್ಲಿ ಮಾತ್ರ ತಮಿಳು. ಹೊಲಿಗೆ ಕಲಿತಿದ್ದಳು, ಅಂಟು ಕಾಯಿಸಲು ಕಲಿತಿದ್ದಳು, ಕತ್ತಿ ಮಾತ್ರ ಕೊಟ್ಟಿರಲಿಲ್ಲ. ಕೊಟ್ಟೆ. ಬಲಗೈಯಲ್ಲಿ ಹಿಡಿದು ತಳ್ಳಿದಳು, ಚೂರು ಹರಿಯಿತು. ಇನ್ನೊಂದು ಕೊಟ್ಟೆ, ಅದೂ ಹರಿಯಿತು. ಹೆರೆದ ಜಾಗ ಮೇಕೆ ಮೇಯ್ದ ಹೊಲದ ಹಾಗೆ ಗುಂಡಿ ದಿಬ್ಬ.

"ನಿನ್ ಕೈಯೇನ್ ಮರದ್ದಾ? ಮೆಲ್ಲಕೆ ಅಂದ್ರೆ ಮೆಲ್ಲಕೆ! ಒಂದೇ ತೊಗಲು ಐತೆ, ಇಂಗ್ ಹರಿದ್ರೆ ನಾಳೆ ಬಾವಂಗೆ ಏನ್ ತೋರ್ಸಲಿ?"

ಅವಳು ಹರಿದ ಚೂರುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. ಅದು ನನಗೆ ಇನ್ನೂ ಕೋಪ ತಂದಿತು. ಕೈ ತೊಳೆಯಲೆಂದು ಎದ್ದು ಹೋದೆ.

ತಿರುಗಿ ಬಂದಾಗ ಅವಳು ನನಗೆ ಬೆನ್ನು ಹಾಕಿ, ಮೇಜಿನ ಮೇಲಿನ ಹೆರೆಯುವ ಕಲ್ಲಿನಲ್ಲಿ ಒಣಗಿದ್ದ ಅಂಟನ್ನು ತರಕಾರಿ ಕತ್ತಿಯಿಂದ ಕೆರೆಯುತ್ತಿದ್ದಳು. ಎಡಗೈಯಲ್ಲಿ. ಒಂದೇ ಎಳೆತ, ಕಲ್ಲಿನ ಈ ಅಂಚಿನಿಂದ ಆ ಅಂಚಿಗೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಅಂಟು ಸುರುಳಿ ಸುತ್ತಿ ಬರುತ್ತಿತ್ತು. ನಾನು ಉಸಿರು ಬಿಡದೆ ನಿಂತು ನೋಡಿದೆ. ನೆಲದ ಮೇಲೆ ನನ್ನ ನೆರಳು ಕಂಡಿದ್ದೇ ಕತ್ತಿ ಬಲಗೈಗೆ ಬಂತು, ಎಡಗೈ ಸೆರಗಿನ ಹಿಂದಕ್ಕೆ ಹೋಯಿತು.

"ಯಾಕೇ ಬಚ್ಚಿಟ್ಟೆ?"

"ಅಮ್ಮ ಸೊಲ್ಲಿ ಅನುಪ್ಪಿನಾಂಗ ಅತ್ತೆ," ಎಂದಳು ತಮಿಳಿನಲ್ಲಿ. ಅಮ್ಮ ಹೇಳಿ ಕಳಿಸಿದ್ದರಂತೆ: ಅದು ದೇವರ ಪುಸ್ತಕ ಮುಟ್ಟುವ ಮನೆ, ಅಲ್ಲಿ ಎಡಗೈ ಎತ್ತಲೇಬೇಡ.

ಮದುವೆಯಾಗಿ ಎರಡು ವರ್ಷ. ಇವಳು ಸಾಂಬಾರು ಬಡಿಸುವಾಗ ಚೆಲ್ಲಿದರೆ ಒರಟಿ ಎಂದುಕೊಂಡಿದ್ದೆ. ಯಾರ ಮೇಲೆ ಕೋಪ ಎಂದು ಗೊತ್ತಾಗದ ಕೋಪ ಎಲ್ಲಕ್ಕಿಂತ ಕೆಟ್ಟದ್ದು.

"ಏಳು," ಎಂದೆ. "ಚಕ್ರಕ್ಕೆ ಹೋಗಾನ."

ಓರೆ ಬದಲಿಸಬೇಕಾದರೆ ಮಾಡಿದ ಬಾಯನ್ನು ಪೂರಾ ತೆಗೆದು, ಉಳಿದ ಉಕ್ಕಿಗೆ ಆ ಕಡೆಯ ಓರೆ ಕೊಡಬೇಕು. ಹಾಳಾದರೆ ಮತ್ತೆ ದಿಂಡಿಗಲ್ಲಿಗೆ ಓಡಲು ಹೊತ್ತಿರಲಿಲ್ಲ. ನನ್ನ ಬೆರಳುಗಳು ಹಿಂದಿನ ದಿನವೇ ಸೋತಿದ್ದವು, ಆದ್ದರಿಂದ ಅವಳೇ ಹಿಡಿದಳು. ಪಕ್ಕದಲ್ಲಿ ನೀರಿನ ಬೋಗುಣಿ ಇಟ್ಟುಕೊಂಡು ನಾನು ನಿಂತೆ.

"ತಾಗ್ಸು. ನೀರು! ತಾಗ್ಸು. ನೀರು! ಬಿಗಿಯಾಗಿ ಒತ್ತಬ್ಯಾಡ, ಚಕ್ರಾನೇ ತಿಂತದೆ. ನೀರು!"

ಕಿಡಿ ಅವಳ ಮುಂಗೈಗೆ ಹಾರುತ್ತಿತ್ತು. ಅದ್ದಿದಾಗಲೆಲ್ಲ ಚುಂಯ್ ಎನ್ನುತ್ತಿತ್ತು. ಹಳೇ ಓರೆ ಹೋಯಿತು, ಹೊಸದು ಮೂಡತೊಡಗಿತು. ಬಾಯಿ ತೆಳ್ಳಗಾದಷ್ಟೂ ಬೇಗ ಕಾಯುತ್ತದೆ. ಜೀಪಿನವರು ಯಾರೋ ಹೊರಗೆ ಲೋಗೇಶನನ್ನು ಕೂಗಿದರು, ಅವಳ ಕಣ್ಣು ಆ ಕಡೆ ಹೋಯಿತು, ಅಷ್ಟರಲ್ಲಿ ಮೂಲೆಯಲ್ಲಿ ಅರಿಸಿನ ಬಣ್ಣ ಹತ್ತಿತು.

"ನೀರು! ನೀರು ಅಂದ್ನಲ್ಲೇ!"

ಅವಳು ಬೋಗುಣಿಯೊಳಗೆ ಅದ್ದಿ ಹಾಗೇ ಹಿಡಿದುಕೊಂಡಳು. ಇಬ್ಬರಿಗೂ ತೆಗೆದು ನೋಡುವ ಧೈರ್ಯವಿಲ್ಲ. ಅರಿಸಿನ ಬಣ್ಣವಾದರೆ ಬದುಕುತ್ತದೆ, ಅದು ದಾಟಿ ನೀಲಿಯಾಗಿದ್ದರೆ ಮುಗಿಯಿತು. ಕೊನೆಗೆ ನಾನೇ ಅವಳ ಮಣಿಕಟ್ಟು ಹಿಡಿದು ಎತ್ತಿದೆ. ಅರಿಸಿನದಲ್ಲೇ ನಿಂತಿತ್ತು. ಆಮೇಲೆ ಚಕ್ರದ ಹತ್ತಿರ ಹೋಗಲಿಲ್ಲ. ಉಳಿದದ್ದನ್ನು ಕಲ್ಲಿನಲ್ಲೇ ಮಸೆದೆವು; ಮೊದಲು ಒರಟು ಕಲ್ಲು, ಆಮೇಲೆ ನಯ ಕಲ್ಲು. ಬಾಯಿಯ ಅಂಚಿಗೆ ಕೂದಲೆಳೆಯಂಥ ಸಿಬಿರು ಎದ್ದಾಗ ಚಪ್ಪಟೆ ಮೈಯನ್ನು ಮಲಗಿಸಿ ಅದನ್ನು ತೆಗೆದಳು. ಕೊನೆಗೆ ಹಲಗೆಗೆ ಅಂಟಿಸಿದ ಆಡಿನ ತೊಗಲಿನ ಮೇಲೆ ಪಾಲಿಶ್ ಸವರಿ ಹಿಂದಕ್ಕೆ ಎಳೆದಳು, ಎಳೆದಳು, ಎಳೆದಳು. ಮುಂಗೈಯ ಕೂದಲಿಗೆ ಇಟ್ಟು ನೋಡಿದರೆ ಕೂದಲು ಉದುರಿತು, ತಾಗಿದ್ದೇ ಗೊತ್ತಾಗಲಿಲ್ಲ. ಅವಳ ಎಡ ಮುಂಗೈಯಲ್ಲಿ ಕಿಡಿಯ ಚುಕ್ಕೆಗಳು ಎದ್ದಿದ್ದವು. ಅದಕ್ಕೆ ಎಣ್ಣೆ ಹಚ್ಚಿದೆ.

ಶುಕ್ರವಾರ ಬೆಳಿಗ್ಗೆ ತೊಗಲನ್ನು ಹೆರೆಯುವ ಕಲ್ಲಿನ ಮೇಲೆ ಒಳಮೈ ಮೇಲಾಗಿ ಹಾಸಿದೆವು. ಅಂಚುಗಳು ಕಾಗದದಷ್ಟು ತೆಳ್ಳಗಾಗಬೇಕು, ಇಲ್ಲದಿದ್ದರೆ ರಟ್ಟಿನ ಮೇಲೆ ಮಡಿಚಿದಲ್ಲಿ ದಿಂಡಾಗುತ್ತದೆ. ಪುಸ್ತಕದ ಬೆನ್ನಿಗೆ ಬರುವ ಜಾಗ ಇನ್ನೂ ಕಷ್ಟ; ದಪ್ಪವಿದ್ದರೆ ಪುಸ್ತಕ ತೆರೆಯುವುದಿಲ್ಲ, ತೆಳ್ಳಗಾದರೆ ಹರಿಯುತ್ತದೆ. ಸರಣ್ಯಾ ಎಡಗೈಯಲ್ಲಿ ಶುರುಮಾಡಿದಳು. ಸುರ್ ಸುರ್ ಎಂದು ಹೊಟ್ಟು ಕಲ್ಲಿನಿಂದ ಉದುರುತ್ತಿತ್ತು. ಬಾಗಿಲಿನ ಬೆಳಕು ಅವಳ ಎಡಕ್ಕೆ, ಅವಳ ಕೈಯ ನೆರಳು ಕತ್ತಿಯ ಬಾಯಿಯ ಮೇಲೇ ಬೀಳುತ್ತಿತ್ತು. ಕತ್ತು ಬಗ್ಗಿಸಿ, ಇಣುಕಿ ಇಣುಕಿ ನಾಲ್ಕೂ ಅಂಚು ಮುಗಿಸಿದಳು. ಬೆನ್ನು ಮಾತ್ರ ಉಳಿದಿತ್ತು.

ಆಗ ಬಾವ ಬಂದರು. ಮಧ್ಯಾಹ್ನ ಎಂದವರು ಹೊತ್ತಿಗೆ ಮುಂಚೆಯೇ ಬಾಗಿಲಲ್ಲಿ ನಿಂತಿದ್ದರು.

ಸರಣ್ಯಾ ತಲೆ ಎತ್ತಲಿಲ್ಲ. ಕತ್ತಿಯನ್ನು ಬಲಗೈಗೆ ದಾಟಿಸಿ ತಳ್ಳಿದಳು. ಮೂಲೆ ಕಚ್ಚಿತು. ತೊಗಲಿನ ಮೇಲೆ ಉಗುರು ತಾಗಿದಷ್ಟು ಬಿಳಿ ಗೀರು.

ಬಗ್ಗಿ ನೋಡಿದೆ. ಗೀರು ಮೇಲ್ಮೇಲೆ ಇತ್ತು, ಆ ಪದರ ಹೇಗೂ ಹೆರೆದು ಹೋಗುವಂಥದ್ದು. ಇನ್ನೊಮ್ಮೆ ತಳ್ಳಿದ್ದರೆ ತೂತು.

"ಕೈ ಬದಲಾಯ್ಸು."

ಅವಳು ನನ್ನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದಳು.

"ಕೈ ಬದಲಾಯ್ಸು ಅಂದೆ!"

"ತಿಲಗವತಿ," ಎಂದರು ಬಾವ. "ಅದು ದ್ಯಾವ್ರ ಪುಸ್ತಕ."

"ಗೊತ್ತು ಬಾವ."

"ಹಟ್ಟೀಲಿ ಯಾರಾನ ಕೇಳಿದ್ರೆ ನಾನೇನ್ ಹೇಳ್ಲಿ?" ಬೀದಿಯತ್ತ ಒಮ್ಮೆ ನೋಡಿ ದನಿ ಇಳಿಸಿದರು. "ನಾನು ಟೀ ಕುಡ್ಕೊಂಡು ಬತ್ತೀನಿ. ಅಷ್ಟ್ರೊಳ್ಗೆ ಸೀಕ್ರಂ ಮುಗ್ಸಿಬುಡಿ. ನಾನ್ ನೋಡ್ಲಿಲ್ಲಾಂದ್ರೆ ಆತು."

ಒಳ್ಳೇ ಮನಸ್ಸಿನಿಂದಲೇ ಹೇಳಿದರು. ಸುಮ್ಮನೆ ತಲೆಯಾಡಿಸಿದ್ದರೆ ಪುಸ್ತಕ ನಮ್ಮದಾಗಿಯೇ ಉಳಿಯುತ್ತಿತ್ತು. ಆದರೆ ಸರಣ್ಯಾ ತನ್ನ ಎಡಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದಳು. ಹಿಂದಿನ ದಿನ ಎಣ್ಣೆ ಹಚ್ಚಿದ ಕೈ. ಅದನ್ನು ಕಂಡೊಡನೆ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ.

"ಟೀ ಇಲ್ಲಿಗೇ ತರಿಸ್ತೀನಿ, ಕೂತ್ಕೊಂಡ್ ನೋಡಿ. ಕದ್ದು ಮಾಡೋ ಕೆಲ್ಸ ಈ ಅಂಗಡೀಲಿ ಇಲ್ಲ. ನೋಡಿ ತಗಂಡ್ ಹೋಗಂಗಿದ್ರೆ ತಗಂಡ್ ಹೋಗಿ. ಇಲ್ಲಾಂದ್ರೆ ರಟ್ಟು ಸಮೇತ ಈಗಲೇ ಮದುರೆಗೆ ಎತ್ಕೊಂಡ್ ಹೋಗಿ!"

ಹೇಳಿದ ಮೇಲೆ ಮಾವ, ಗಂಡ ಕಾಪಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಕಳೆದುಬಿಟ್ಟೆನಲ್ಲ ಎನಿಸಿತು. ಬಾವ ಒಳಕ್ಕೂ ಬರಲಿಲ್ಲ, ಹೊರಕ್ಕೂ ಹೋಗಲಿಲ್ಲ. ಹೊಸ್ತಿಲ ಮೇಲೆ ನಿಂತೇ ಇದ್ದರು. ರಸ್ತೆಯಲ್ಲಿ ಕೇರಳದ ಬಸ್ಸು ಹಾರ್ನ್ ಹೊಡೆದು ಹೋಯಿತು.

ಸರಣ್ಯಾ ಕತ್ತಿಯನ್ನು ಎಡಗೈಗೆ ತೆಗೆದುಕೊಂಡಳು. ಚಪ್ಪಟೆ ಮೈಯನ್ನು ತೊಗಲಿನ ಮೇಲೆ ಮಲಗಿಸಿದಳು. ತಳ್ಳಲಿಲ್ಲ.

"ದೊಡ್ಡ ಮಾವ," ಎಂದಳು. "ಬೆಳಕಿಗೆ ಅಡ್ಡ ನಿಂತಿದೀರ."

ಕನ್ನಡದಲ್ಲಿ! ಎರಡು ವರ್ಷದಲ್ಲಿ ಬಾವನ ಮುಂದೆ ಅವಳ ಬಾಯಿಂದ ತಮಿಳಿನಲ್ಲೂ ಒಂದು ಪೂರಾ ಮಾತು ಬಂದಿರಲಿಲ್ಲ.

ಬಾವ ತಮ್ಮ ಕಾಲು ನೋಡಿಕೊಂಡರು, ಕಲ್ಲಿನವರೆಗೂ ಚಾಚಿದ್ದ ತಮ್ಮ ನೆರಳನ್ನು ನೋಡಿದರು.

"ಎತ್ತ ನಿಲ್ಲಲಿ?"

"ಒಳಕ್ ಬನ್ನಿ. ಈ ಕಡೆ."

ಚಪ್ಪಲಿ ಬಿಟ್ಟು ಒಳಗೆ ಬಂದರು. ಕೂರಲಿಲ್ಲ, ಅವಳ ಬಲಕ್ಕೆ ಗೋಡೆಗೆ ಒರಗಿ ನಿಂತರು. ಕತ್ತಿ ಹೊರಟಿತು. ಬಿಳಿ ಗೀರು ಹೊಟ್ಟಿನ ಜೊತೆ ಹೋಯಿತು. ಬೆನ್ನಿನ ಜಾಗ ಹದಕ್ಕೆ ಬಂತು. ಆಮೇಲೆ ಅಂಟು ಸವರಿ, ತೊಗಲು ಎಳೆದು ಹೊದಿಸಿ, ಅಂಚುಗಳನ್ನು ಒಳಕ್ಕೆ ಮಡಿಚಿದೆವು. ಬಾವ ಪಂಚೆಗೆ ಕೈ ಒರೆಸಿಕೊಂಡು ಮುಂದೆ ಬಂದು, ರಟ್ಟಿನ ಒಳಗಡೆ ಬೆರಳಾಡಿಸಿದರು. ತೊಗಲು ಎಲ್ಲಿ ಮುಗಿಯಿತೆಂದು ಹುಡುಕಿದರು, ಸಿಗಲಿಲ್ಲ. ಮತ್ತೆ ಹುಡುಕಿದರು. ಇಷ್ಟು ಹೊತ್ತು ತಡೆದಿದ್ದೆ, ಇನ್ನು ತಡೆಯಲಾರೆ ಎನಿಸಿತು.

"ಈ ಕಲ್ಲು ಇಂಗೆ ಹಾಕಿದ್ದು ಯಾರು?" ಎಂದರು.

"ನಿಮ್ಮಪ್ಪ."

"ಅಪ್ಪನ ಕೈಗೆ ಸರಿಯಾಗಿತ್ತು." ಬಾಗಿಲ ಕಡೆ ನೋಡಿದರು, ಸರಣ್ಯಾಳ ಕೈ ನೋಡಿದರು. "ಇವಳ ನೆರಳು ಇವಳ ಕತ್ತಿ ಮ್ಯಾಲೇ ಬೀಳ್ತದೆ. ಇವಳು ಆ ಕಡೆ ಕೂರೋ ಹಂಗೆ ತಿರುಗ್ಸಿ ಹಾಕಿದ್ರೆ ಬೆಳಕು ಬಲಕ್ಕೆ ಬತ್ತದೆ, ಅಲ್ವಾ?"

"ಲೋಗೇಶ್ ಸಂಜೆ ಬರ್ಲಿ ಬಾವ. ನಾಕಾಳು ತೂಕ ಐತೆ."

"ಅವನ್ ಬರೋತಂಕ ಯಾಕೆ? ಅಂಟು ಒಣಗಿದ ಮ್ಯಾಲೆ ಪುಸ್ತಕ ತಗಂಡ್ ಹೋಗ್ತೀನಿ. ಈಗ ಹಿಡೀರಿ," ಎಂದು ಪಂಚೆ ಎತ್ತಿ ಕಟ್ಟಿದರು.

ಒಂದು ಕಡೆ ಬಾವ, ಎದುರಿಗೆ ಸರಣ್ಯಾ, ಮೂಲೆಗೆ ನಾನು. ಕಲ್ಲು ಮೇಜಿನಿಂದ ಎದ್ದಾಗ ಅದರಡಿಯ ಮರ ನಮ್ಮ ಮಾವ ಇಟ್ಟ ದಿನದಷ್ಟೇ ಹೊಸದಾಗಿ ಕಂಡಿತು. ನನ್ನ ಬಲಗೈ ಜಾರಿತು, ಹೆಬ್ಬೆರಳು ಹಿಡಿಯಲಿಲ್ಲ. ಎಡಗೈ ಕೊಟ್ಟೆ.